ಹದಿಮೂರು ಒಂದುಗಳ ಒಡಪು

ಬೆಟಗೇರಿಯ ಗಾಳೆಪ್ಪ ಮಾಸ್ತರರು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ಲೆಕ್ಕಕ್ಕೂ ತಾವೇ ಒಂದಿಷ್ಟು ಕಲಿಸಿದ್ದೇವೆಂಬ ನಂಬಿಕೆ ಅವರದು. ಕರಿಟೊಪ್ಪಿಗೆ ಇಟ್ಟು, ಮುಚ್ಚುಗೊರಳಿನ ಕೋಟು ತೊಟ್ಟು ನೇಕಾರರ ಓಣಿಯಲ್ಲಿ ಹೊರಟರೆ ಮಗ್ಗಗಳು ಒಂದು ಗಳಿಗೆ ಸದ್ದು ನಿಲ್ಲಿಸಬೇಕೆಂದು ಅವರಿಗೆ ಆಸೆ. ಮಗ್ಗಗಳು ನಿಲ್ಲಿಸುತ್ತಿರಲಿಲ್ಲ.

ಕರ್ನಾಟಕ ಒಂದಾದ ವರ್ಷದ ಬೇಸಿಗೆಯಲ್ಲಿ ಅವರ ಮಗಳು ಸುಮಿತ್ರವ್ವನ ಲಗ್ನ ಗೊತ್ತಾಯಿತು. ವರ ಶಿರಹಟ್ಟಿಯ ಸಕ್ರಪ್ಪ. ವರನ ತಂದೆ ಅಂದಾನಪ್ಪ ಸಾಂಗ್ಲಿ ಸಂಸ್ಥಾನದ ಕಾಲದಲ್ಲಿ ಕಚೇರಿಯ ಕಾರಕೂನರಾಗಿದ್ದವರು. ಸಂಸ್ಥಾನ ಹೋಗಿ ವರ್ಷಗಳಾಗಿದ್ದರೂ ಅವರ ತಲೆಯ ರುಮಾಲಿಗೆ ಆ ಖಬರು ಇನ್ನೂ ಮುಟ್ಟಿರಲಿಲ್ಲ. ಗದಗ-ಬೆಟಗೇರಿಯವರು ಇಂಗ್ರೇಜಿ ಸರಕಾರದ ಮಂದಿ, ಶಿರಹಟ್ಟಿಯವರು ಸಂಸ್ಥಾನದ ಮಂದಿ ಎಂದು ಬೀಗರು ಬೀಗರನ್ನು ತೂಗಿ ನೋಡುತ್ತಿದ್ದ ಕಾಲ ಅದು. ಈಗ ನೆನೆದರೆ ನಗು ಬರುತ್ತದೆ; ಆ ತೂಕವೂ ಇಲ್ಲ, ತೂಗುವವರೂ ಇಲ್ಲ.

ಲಗ್ನದಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಒಡಪು ಹಾಕಿ, ಅಂದರೆ ಒಗಟು ಕೇಳಿ, ಕಾಡುವುದುಂಟು. ಅದು ಹೆಂಗಸರ ಕೆಲಸ. ಮಾಸ್ತರರು ಅದನ್ನೂ ಬಿಟ್ಟುಕೊಡಲಿಲ್ಲ. ನಿಶ್ಚಯದ ದಿನವೇ ಪಡಸಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಹದಿಮೂರು ಒಂದುಗಳನ್ನು ಸಾಲಾಗಿ ಬರೆದರು. ಮಗ್ಗದ ಹಾಸಿನ ಎಳೆಗಳಂತೆ ನೆಟ್ಟಗೆ ನಿಂತ ಆ ಸಂಖ್ಯೆಯನ್ನು ಓದಿಯೂ ತೋರಿಸಿದರು: ಒಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು ಕೋಟಿ, ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು. ಒಂದನ್ನೂ ಈ ಸಂಖ್ಯೆಯನ್ನೂ ಬಿಟ್ಟು, ಶೇಷ ಉಳಿಯದಂತೆ ಇದನ್ನು ಭಾಗಿಸುವ ಸಂಖ್ಯೆ ಯಾವುದು? ಇದೇ ಒಡಪು.

ಉತ್ತರವಿಲ್ಲ ಎಂಬುದೇ ಅವರ ಗುಟ್ಟು. ನಾಲ್ಕು ಒಂದುಗಳನ್ನು ಎರಡೆರಡಾಗಿ ಕಟ್ಟಬಹುದು, ಆದ್ದರಿಂದ ಆ ಸಂಖ್ಯೆ ಹನ್ನೊಂದರಿಂದ ಒಡೆಯುತ್ತದೆ. ಒಂಬತ್ತನ್ನು ಮೂರುಮೂರಾಗಿ ಕಟ್ಟಬಹುದು, ಅದು ನೂರಾ ಹನ್ನೊಂದರಿಂದ ಒಡೆಯುತ್ತದೆ. ಹದಿಮೂರನ್ನು ಹಾಗೆ ಸಮನಾಗಿ ಕಟ್ಟಲು ಬರುವುದಿಲ್ಲ. ಅಂದಮೇಲೆ ಒಡೆಯುವುದೂ ಇಲ್ಲ! ಮೊದಲ ಎರಡು ಮಾತು ಲೆಕ್ಕದವು, ಕೊನೆಯದು ಮಾಸ್ತರರದು. ಅನುಮಾನ ಬೇಡವೆಂದು ಎರಡರಿಂದ ನಲವತ್ತರತನಕ ಭಾಗಿಸಿಯೂ ನೋಡಿದ್ದರು. ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದದ್ದು ನಲವತ್ತರವರೆಗೆ. ಅದರಾಚೆಗೂ ಸಂಖ್ಯೆಗಳಿಗೆ ಸ್ವಂತ ಬದುಕಿದೆಯೆಂದು ಅವರಿಗೆ ತೋಚಲಿಲ್ಲ.

ಅಂದಾನಪ್ಪನವರು ಮೀಸೆಯ ಮೇಲೆ ಕೈಯಾಡಿಸಿದರು. “ಭೂಮದ ಊಟಕ್ಕ ಕುಂಡ್ರೂದ್ರೊಳಗ ಒಡದು ತೋರಸ್ತೀನ್ರಿ ಮಾಸ್ತರ. ಇಲ್ಲಂದ್ರ ನಿಮ್ಮ ಮನ್ಯಾಗ ತುತ್ತು ಮುಟ್ಟಂಗಿಲ್ಲ.”

ಎರಡೂ ಕಡೆಯವರು ಕೂಡಿ ಉಣ್ಣುವ ಊಟ ಭೂಮ. ವರನ ತಂದೆ ಅದನ್ನು ಬಿಟ್ಟೆದ್ದರೆ ಸುಮಿತ್ರವ್ವ ಅತ್ತೆಯ ಮನೆಯಲ್ಲಿ ಜೀವಮಾನವಿಡೀ ಆ ಮಾತು ಕೇಳಬೇಕು. ಮಾಸ್ತರರ ಹೆಂಡತಿ ಮಂಜವ್ವ ಇದನ್ನು ಒಲೆಯ ಮುಂದೆ, ಹಿತ್ತಲಲ್ಲಿ, ನೀರು ತರುವಾಗ ಹೇಳಿಯೇ ಹೇಳಿದಳು. ಸೋಲುವವರು ಸೋಲಲೇಬೇಕು, ಅದಕ್ಕೆ ತಾವೇನು ಮಾಡಲಾದೀತು ಎಂದು ಮಾಸ್ತರರ ವಾದ.

ಲಗ್ನದ ಹಿಂದಿನ ದಿನ ಅವರು ಹೊಸ ಕೋಟಿಗೆ ಗುಂಡಿ ಹಾಕಿಸಲು ಸಿಂಪಿಗ ಬುಡ್ಡೇಸಾಬನ ಅಂಗಡಿಯಲ್ಲಿ ಕುಳಿತಿದ್ದರು. ಹೊತ್ತು ಹೋಗಬೇಕಲ್ಲ, ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡಿನಿಂದ ಹಲಗೆಯ ಮೇಲೆ ತಮ್ಮ ಸಂಖ್ಯೆಯನ್ನು ಬರೆದು ಮೆಚ್ಚಿ ನೋಡಿದರು. ನಲವತ್ತೊಂದರಿಂದ ಭಾಗಿಸಿದರು, ಶೇಷ ಉಳಿಯಿತು. ನಲವತ್ಮೂರು, ನಲವತ್ತೇಳು, ಉಳಿಯಿತು. ಐವತ್ಮೂರು ಹಿಡಿದರು. ಕೊನೆಯ ಒಂದನ್ನು ಇಳಿಸಿ ಕಳೆದರೆ ಸೊನ್ನೆ.

ಅಳಿಸಿ ಮತ್ತೆ ಮಾಡಿದರು. ಸೊನ್ನೆಯೇ.

“ಯಾಕ್ರಿ ಮಾಸ್ತರ, ಕೋಟ ಬಿಗಿ ಆತೇನ್ರಿ?” ಎಂದ ಬುಡ್ಡೇಸಾಬ.

ಮಾಸ್ತರರು ಅವನೊಬ್ಬನಿಗೆ ಎಲ್ಲವನ್ನೂ ಹೇಳಿದರು. ಶಿರಹಟ್ಟಿಯವರೂ ನಲವತ್ತಕ್ಕೇ ನಿಂತಿರುತ್ತಾರೆ, ಸುಮ್ಮನಿದ್ದರೆ ಗೆಲುವು ತಮ್ಮದೇ ಎಂದೂ ಸೇರಿಸಿದರು. ಬುಡ್ಡೇಸಾಬ ದಾರ ಕಡಿದು ಕೇಳಿದ, “ಮಗಳನ್ನ ಕೊಡಾಕತ್ತೀರೋ, ಜಗಳಾನ ಕೊಡಾಕತ್ತೀರೋ?”

ಮರುದಿನ ಅಂದಾನಪ್ಪನವರು ಹಂದರಕ್ಕೆ ಬಂದಾಗ ಮೀಸೆ ಜೋತುಬಿದ್ದಿತ್ತು. ಕಣ್ಣು ಕೆಂಪಗಿದ್ದವು. ಅವರ ಕಡೆಯ ಹೆಂಗಸರಾಗಲೇ ಸುಮಿತ್ರವ್ವನ ಕಡೆಗೆ ಒಂದು ಥರ ನೋಡತೊಡಗಿದ್ದರು. ಆ ಹುಡುಗಿ ಬಾಸಿಂಗದ ಕೆಳಗಿನಿಂದ ಅಪ್ಪನನ್ನು ನೋಡಿದಳು. ಬೇಡಿಕೊಳ್ಳುವ ನೋಟವೇನಲ್ಲ, ಸುಮ್ಮನೆ ನೋಡಿದ್ದು. ಮಾಸ್ತರರ ಹೊಸ ಕೋಟು ಆಗ ನಿಜವಾಗಿ ಬಿಗಿಯಾಯಿತು.

ಅಳಿಯನ ಕಾಲು ತೊಳೆಯುವ ಶಾಸ್ತ್ರ ಬಂತು. ಯಾರೆದುರೂ ಬಗ್ಗದ ಗಾಳೆಪ್ಪ ಮಾಸ್ತರರು ಅಗಲ ತಟ್ಟೆಯಂಥ ಪರಾತದ ಮುಂದೆ ಬಗ್ಗಿ, ತಂಬಿಗೆಯ ನೀರು ಸುರಿಯುತ್ತ ಏನೋ ಗೊಣಗಿದರು. ಸಕ್ರಪ್ಪ ಅದನ್ನು ಮಂತ್ರವೆಂದು ತಿಳಿದು ಭಕ್ತಿಯಿಂದ ಕಣ್ಣು ಮುಚ್ಚಿದ.

“ಕಣ್ಣ ತಗೀರಿ. ಐವತ್ಮೂರು. ನಿಮ್ಮ ಅಪ್ಪಾರ ಕಿವ್ಯಾಗ ಜಲ್ದಿ ಹಾಕ್ರಿ. ನಾ ಹೇಳಿದೆ ಅನಬ್ಯಾಡ್ರಿ.”

ಭೂಮಕ್ಕೆ ಎಲೆ ಹಾಕುವ ಹೊತ್ತಿಗೆ ಅಂದಾನಪ್ಪನವರು ಗೋಡೆಯ ಮುಂದೆ ನಿಂತು, ತೋಳು ಮೇಲೇರಿಸಿ, ಮಂದಿಯೆಲ್ಲ ನೋಡುವಂತೆ ಐವತ್ಮೂರರಿಂದ ಭಾಗಿಸಿ ಸೊನ್ನೆ ಇಳಿಸಿದರು. ಶಿರಹಟ್ಟಿಯವರು ಹೋ ಎಂದರು. ಬೆಟಗೇರಿಯವರು ತಮ್ಮ ಮಾಸ್ತರರತ್ತ ನೋಡಿ ನಕ್ಕರು. ಕೆಲವರು ಈ ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದರು. ಸುಮಿತ್ರವ್ವನೂ ನಕ್ಕಳು. ಅಂದಾನಪ್ಪನವರು ಮಾದಲಿಯ ಸಿಹಿಯನ್ನು ಮೂರು ಸಲ ಹಾಕಿಸಿಕೊಂಡರು.

ಆಮೇಲೆ ಮಾಸ್ತರರು ಹತ್ತೊಂಬತ್ತು ಒಂದುಗಳ ಸಾಲು ಹಿಡಿದರು. ಯಾರಿಗೂ ಹೇಳಲಿಲ್ಲ. ಶಾಲೆ ಬಿಟ್ಟ ಮೇಲೆ, ಪೆನ್ಶನ್ ಆದ ಮೇಲೂ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತ ಹೋದರು. ಶೇಷ ಉಳಿದಾಗೆಲ್ಲ ಅವರ ಮುಖ ಅರಳುತ್ತಿತ್ತು. ಆ ಸಾಲು ಯಾತರಿಂದಲೂ ಒಡೆಯುವುದಿಲ್ಲವೆಂದು ಎಲ್ಲೋ ದೂರದ ಪಂಡಿತರು ಅದಕ್ಕೆ ಎಷ್ಟೋ ಮೊದಲೇ ತೋರಿಸಿಕೊಟ್ಟಿದ್ದರಂತೆ. ಮಾಸ್ತರರಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಒಮ್ಮೆ ತಾವೇ ನೋಡಿಬಿಡೋಣ ಎನ್ನುತ್ತಿದ್ದರು.

ಮಾಸ್ತರರು ಮಗಳ ಮನೆಗೆ ಹೋದಾಗೆಲ್ಲ ಅಂದಾನಪ್ಪನವರು ಅವರನ್ನು ಕಟ್ಟೆಯ ಮೇಲೆ ಕೂಡಿಸಿ, ಐವತ್ಮೂರು ತಮಗೆ ಹೇಗೆ ಹೊಳೆಯಿತೆಂದು ಮೊದಲಿನಿಂದ ವಿವರಿಸುತ್ತಿದ್ದರು. ವರ್ಷ ಕಳೆದಂತೆ ಆ ಕಥೆ ಉದ್ದವಾಯಿತು, ಬೀಗರಿಬ್ಬರ ಮೀಸೆಯೂ ಬೆಳ್ಳಗಾಯಿತು. ಸಕ್ರಪ್ಪ ಆ ಹೊತ್ತಿಗೆ ಹೊಲದಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದ.

“ಹೊಸಾ ಒಡಪ ಏನರ ಐತೇನ್ರಿ ಮಾಸ್ತರ?” ಎಂದು ಕೊನೆಗೆ ಕೇಳುವರು.

ಸುಮಿತ್ರವ್ವ ಚಹಾ ತಂದು ಮೊದಲು ಮಾವನಿಗೆ, ಆಮೇಲೆ ಅಪ್ಪನಿಗೆ ಕೊಡುತ್ತಿದ್ದಳು. ಮಾಸ್ತರರು ಕಪ್ಪಿನ ಬಸಿಗೆ ಚಹಾ ಸುರಿದುಕೊಂಡು ಊದುತ್ತ ಹೇಳುತ್ತಿದ್ದರು, “ಎಲ್ಲೀದರಿ ಬೀಗರ. ನೀವು ಇರೂತನಕ ಯಾ ಒಡಪ ಉಳದೀತು?”