ಅಳಿಸಿದ ಮನುಷ್ಯನ ನೆರಳು

ಚಿತ್ರಕಲೆ ಕಲಿಸುವುದು ನನ್ನ ಕೆಲಸ, ವಿಡಿಯೋ ನನ್ನ ಹುಚ್ಚು. ಜಗತ್ತು ಮುಗಿದ ಮೇಲೆ ಊರು ಹೇಗಿದ್ದೀತು ಎಂದು ತೋರಿಸುವ ವಿಡಿಯೋ ಮಾಡಲು ಹೊರಟಿದ್ದೆ. ಅದಕ್ಕೆ ಬೇಕಾದ ದೃಶ್ಯ ನನ್ನ ಹತ್ತಿರ ಆಗಲೇ ಇತ್ತು. ಲಾಕ್‌ಡೌನಿನಲ್ಲಿ ಮಾಳಮಡ್ಡಿಯ ಅಕ್ಕನ ಮನೆಯಲ್ಲಿ ಉಳಿದಿದ್ದಾಗ, ಮಾಳಿಗೆಯ ಮೇಲೆ ಕ್ಯಾಮೆರಾ ನಿಲ್ಲಿಸಿ ಬಿಕೋ ಎನ್ನುವ ಬೀದಿಯನ್ನು ಚಿತ್ರಿಸಿಕೊಂಡಿದ್ದೆ. ಮರುವರ್ಷ ಅದೇ ರೋಗ ನಮ್ಮ ಭಾವನನ್ನು ಒಯ್ದಿತು. ಕೊನೆಗೆ ಮುಖ ನೋಡಲೂ ಅಕ್ಕನನ್ನು ಬಿಡಲಿಲ್ಲ.

ದೃಶ್ಯದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಓಡಾಡುತ್ತಿದ್ದವರನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿದೆ. ಎಲ್ಲರ ಮುಖಕ್ಕೂ ಮಾಸ್ಕ್. ಯಾರು ಯಾರೆಂದು ನಾನು ಗಮನಿಸಲಿಲ್ಲ. ಆಕಾಶಕ್ಕೆ ಬೂದಿಬಣ್ಣ ಬಳಿದು, ಸೈರನ್ ಸದ್ದು ಕೂಡಿಸಿ, ಒಂದು ಸಂಜೆ ಅಕ್ಕನಿಗೆ ತೋರಿಸಿದೆ.

ಅಕ್ಕ ಒಮ್ಮೆಲೇ ಮುಂದಕ್ಕೆ ಬಾಗಿದಳು. "ಆ ಗ್ವಾಡಿ ಮ್ಯಾಲಿನ ನೆಳ್ಳು ಯಾರ್ದು?"

"ಗಿಡದ್ದು ಇರಬೇಕಕ್ಕಾ."

"ಗಿಡ ಕೈಯಾಗ ಚೀಲಾ ಹಿಡಕೊಂಡು ಅಡ್ಡಾಡತದೇನ?"

ಹಿಂದಕ್ಕೆ ತಿರುಗಿಸಿ ನೋಡಿದೆ. ಎದುರು ಮನೆಯ ಕಂಪೌಂಡಿನ ಮೇಲೆ ಒಂದು ನೆರಳು ಸ್ವಲ್ಪ ಕುಂಟುತ್ತ ಸಾಗುತ್ತಿತ್ತು. ಮನುಷ್ಯನನ್ನು ಅಳಿಸಿದ್ದೆ, ನೆರಳು ಉಳಿದುಬಿಟ್ಟಿತ್ತು. ಮೂಲ ದೃಶ್ಯ ತೆರೆದರೆ ಅಲ್ಲಿ ಭಾವ, ಹಾಲು ತರಲು ಹೊರಟವರು. ನಡುಬೀದಿಯಲ್ಲಿ ನಿಂತು, ಮನೆಯತ್ತ ತಿರುಗಿ ಕೈ ಎತ್ತಿದರು.

"ನಾ ಕಿಡಕ್ಯಾಗ ನಿಂತಿದ್ನಿ. ಕೈಯೆಲ್ಲಾ ಹಿಟ್ಟಾಗಿತ್ತು. ಅದಕ್ಕ ನಾ ಕೈ ಎತ್ತಲಿಲ್ಲ," ಎಂದಳು ಅಕ್ಕ.

ಈ ವಿಡಿಯೋನೇ ಬೇಡ, ಎಲ್ಲ ತೆಗೆದುಬಿಡುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದಳು. "ತಗೀಬ್ಯಾಡ. ಅವರನ್ನ ಹೊಳ್ಳಿ ಹಾಕು. ಎಲ್ಲಾರನ್ನೂ ಹಾಕು."

ಹಾಕಿದೆ. ಬೂದಿ ಹೋಯಿತು, ಸೈರನ್ ಹೋಯಿತು. ಆ ಜಾಗಕ್ಕೆ ಅಕ್ಕ ರೊಟ್ಟಿ ಬಡಿಯುವ ಸದ್ದು ಬಂತು.

ಗೋಕುಲ ರಸ್ತೆಯ ಮುಚ್ಚಿದ ಕಾರ್ಖಾನೆಯ ಶೆಡ್ ಒಂದರಲ್ಲಿ, ಜಗತ್ತಿನ ಕೊನೆ ಎಂಬ ವಿಷಯದ ಮೇಲೆ ಪ್ರದರ್ಶನವಿತ್ತು. ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಮೇಡಮ್, ಇದರಾಗ ಜಗತ್ತು ಎಲ್ಲಿ ಮುಳುಗತದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ ಹೇಳಿದಳು: "ಇನ್ನೂ ಮುಳುಗಿಲ್ಲವ್ವಾ. ಅವತ್ತ ಅವರು ಹಾಲು ತಗೊಂಡು ಹೊಳ್ಳಿ ಬಂದಾರ."

ಆದರೆ ಅವರು ಮರಳಿದ್ದು ನನ್ನ ಕ್ಯಾಮೆರಾದಲ್ಲಿಲ್ಲ. ಅಷ್ಟೊತ್ತಿಗೆ ಬ್ಯಾಟರಿ ಮುಗಿದಿತ್ತು. ಭಾವ ಮೂಲೆ ತಿರುಗುತ್ತಿದ್ದರು, ಬೀದಿ ಬರಿದಾಗುತ್ತಿತ್ತು, ವಿಡಿಯೋ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಬೀದಿ ಬರಿದಾದಾಗಲೆಲ್ಲ ಅಕ್ಕ ಕುರ್ಚಿಯ ತುದಿಗೆ ಸರಿದು ಆ ಮೂಲೆಯನ್ನೇ ನೋಡುತ್ತಿದ್ದಳು. ಪ್ರೊಜೆಕ್ಟರ್ ಆರಿಸಿ ದೀಪ ಹಾಕಿದ ಮೇಲೂ ಅವಳು ಏಳಲಿಲ್ಲ.