ಜಾವಳದ ಮೊದಲ ಕತ್ತರಿ

ಮಾಸ್ತರ ನನ್ನ ಮಗನ ಜಡೆ ಕತ್ತರಿಸಿದ್ದು ಹೇನಿನ ಸಲುವಾಗಿ ಅಲ್ಲ, ಬಿಜಾಪುರದಿಂದ ಬರುವವರ ಮುಂದೆ ತನ್ನ ವರ್ಗ ಚಂದ ಕಾಣಲಿ ಅಂತ. ಅದನ್ನು ಸ್ವಚ್ಛತೆ ಅನ್ನುವವರು ಅಂದುಕೊಳ್ಳಲಿ. ನಾನು ಆಗ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಎಪ್ಪತ್ತರ ದಶಕದ ಮಾತು. ನಾವು ತಿಕೋಟಾದಲ್ಲಿದ್ದೆವು, ಕುರಿ ಸಾಕಿದವರು. ನನ್ನ ಮೊದಲೆರಡು ಕೂಸುಗಳು ಉಳಿಯಲಿಲ್ಲ. ಮೂರನೆಯವನು ಹುಟ್ಟಿದಾಗ ಅತ್ತೆ ಮನೆದೇವರಿಗೆ ಬೇಡಿಕೊಂಡಳು: ಇವನು ಉಳಿದರೆ ಏಳು ವರ್ಷ ತುಂಬುವ ತನಕ ತಲೆಗೆ ಕತ್ತರಿ ಸೋಕಿಸುವುದಿಲ್ಲ, ಆಮೇಲೆ ನಿನ್ನ ಗುಡಿಯಲ್ಲೇ ಜಾವಳ ತೆಗೆಸುತ್ತೇವೆ ಅಂತ. ಜಾವಳವೆಂದರೆ ಹುಟ್ಟುಗೂದಲು ತೆಗೆಯುವುದು. ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕತ್ತರಿ ಹಾಕಬೇಕು, ಉಳಿದದ್ದು ಕ್ಷೌರ ಮಾಡುವ ಹಡಪದವನ ಕೆಲಸ. ಆ ಹಕ್ಕು ಬಬಲೇಶ್ವರದಲ್ಲಿದ್ದ ನನ್ನ ಅಣ್ಣನದು. ಹೀಗಾಗಿ ನನ್ನ ಮಗ ಜಡೆ ಇಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದ.

ಆ ವರ್ಷ ಹೊಸ ಮಾಸ್ತರ ಬಂದ. ಬಿಜಾಪುರದ ಸ್ಟೇಷನ್ ರಸ್ತೆಯ ಕಡೆಯ ನೌಕರದಾರರ ಮನೆಯವನು, ಟ್ರೇನಿಂಗ್ ಮುಗಿಸಿ ನೇರ ನಮ್ಮೂರಿಗೆ ಬಂದಿದ್ದ. ಅಕ್ಷರ ಹೇಗೆ ಕಲಿಸಬೇಕು ಅಂತ ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಮುಂದೆ ಕೂತ ಮಗು ಎಂಥ ಮನೆಯಿಂದ ಎದ್ದು ಬಂದಿದೆ ಅಂತ ಕೇಳುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಾಸ್ತರಾಗಲು ಕಲಿಯುತ್ತಿದ್ದ ಹುಡುಗರು ಬಿಜಾಪುರದಿಂದ ಇವನ ಪಾಠ ನೋಡಲು ಬರುವವರಿದ್ದರು. ಹಿಂದಿನ ದಿನ ಇವನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಲೆ ನೋಡಿದ. ನನ್ನ ಮಗನ ತಲೆಯಲ್ಲಿ ಹೇನಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಇದ್ದವು. ಗೌಡರ ಮಗಳ ತಲೆಯಲ್ಲೂ ಇದ್ದವು, ಅವಳ ಎರಡು ಜಡೆಗೆ ಅವನ ಕೈ ಹೋಗಲಿಲ್ಲ. ನನ್ನ ಮಗ ದೇವರ ಕೂದಲ್ರಿ ಅಂದನಂತೆ. ಮಾಸ್ತರ ನಕ್ಕನಂತೆ, ವರ್ಗವೆಲ್ಲ ನಕ್ಕಿತಂತೆ, ಕತ್ತರಿ ಆಡಿತು.

ಹುಡುಗ ಜಡೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ಬಂದ. ಇಲಿ ಕಡಿದ ಕಂಬಳಿ ಅಂತ ಓಣಿಯ ಹುಡುಗರು ಆಗಲೇ ಹೆಸರಿಟ್ಟಿದ್ದರು. ಇನ್ನು ಸಾಲಿಗೆ ಹೋಗುವುದಿಲ್ಲ ಅಂದ. ಏಳು ತುಂಬುವ ಮೊದಲೇ ಕತ್ತರಿ ಬಿತ್ತೆಂದು ಅತ್ತೆ ದೇವರ ಸಿಟ್ಟಿಗೆ ಹೆದರಿ ಅಳುತ್ತ ಕೂತಳು. ಗಂಡನಿಗೆ ಒಳಗೊಳಗೇ ಖುಷಿ, ಮಂದೆ ಕಾಯಲು ಒಬ್ಬ ಸಿಕ್ಕನಲ್ಲ.

"ಸಾಲಿ ಸಾಕ್ ಇನ್ನ," ಅಂದ. "ನಾಳಿಂದ ಕುರಿ ಹಿಂದ ಬರ್ಲಿ."

ನನ್ನನ್ನು ಸಾಲಿ ಬಿಡಿಸಿದ್ದೂ ಇಂಥದೇ ಒಂದು ಸಣ್ಣ ನೆಪದ ಮೇಲೆ. ಎರಡನೆಯ ಇಯತ್ತೆಗೆ ನನ್ನ ಓದು ಮುಗಿದಿತ್ತು. ಇವನದೂ ಅಲ್ಲಿಗೇ ಮುಗಿಯಲು ನಾನು ಬಿಡುವವಳಲ್ಲ. ಅಣ್ಣನಿಗೆ ಹೇಳಿಕಳಿಸು, ಬಂದು ಮಾಸ್ತರನಿಗೆ ನಾಲ್ಕು ಬಿಗಿಯುತ್ತಾನೆ ಅಂದರು ಓಣಿಯವರು. ನಾನು ಬೇಡವೆಂದೆ. ಬಿದ್ದ ಪೆಟ್ಟು ವಾರದಲ್ಲಿ ಮಾಯುತ್ತದೆ. ನನಗೆ ಮಾಯದಂಥದ್ದು ಬೇಕಿತ್ತು.

ಮರುದಿನ ಮುಂಜಾನೆ ಹಡಪದ ಮುದುಕನನ್ನು ಕರೆದುಕೊಂಡು, ತಾಟಿನಲ್ಲಿ ಕಾಯಿ, ಅರಿಷಿಣ, ಕುಂಕುಮ ಇಟ್ಟುಕೊಂಡು, ಮಗನನ್ನು ಮುಂದೆ ಮಾಡಿ ಶಾಲೆಗೆ ಹೋದೆ. ಓಣಿಯ ಹೆಂಗಸರು ಹಿಂದೆ ಬಂದು ಕಿಟಕಿಗೆ ನಿಂತರು. ಬಿಜಾಪುರದ ಹುಡುಗರು ಗೋಡೆಗೆ ಸಾಲಾಗಿ ಕೂತಿದ್ದರು, ಅವರ ದೊಡ್ಡ ಮಾಸ್ತರು ಕುರ್ಚಿಯ ಮೇಲೆ.

"ಪಾಠ ನಡದದರಿ, ಆಮ್ಯಾಲ ಬರ್ರಿ," ಅಂದ ನಮ್ಮ ಮಾಸ್ತರ.

"ಜಾವಳಕ್ಕ ಮೊದಲನೇ ಕತ್ರಿ ಹಾಕಾಂವ ಸ್ವಾದರಮಾವ," ಅಂದೆ. "ನಿನ್ನಿ ನೀ ಹಾಕೀದಿ. ಅಂದಮ್ಯಾಲ ನೀ ನನ್ನ ತಮ್ಮ ಆದಿ. ಕೆಳಗ ಕುಂದರು, ಅಳಿಯನ್ನ ತೊಡಿ ಮ್ಯಾಲ ತಗೋ. ಕತ್ರಿ ಬಿದ್ದ ತಲಿ ಗುಡಿ ತನಕಾ ಹಂಗ ಇಡಾಂಗಿಲ್ಲ, ಉಳಿದ ಕೂದಲಾ ಇಲ್ಲೇ ತಗೀಬೇಕು."

"ನನಗ ಗೊತ್ತಿರಲಿಲ್ಲರಿ."

"ಹುಡುಗ ಹೇಳ್ಯಾನ. ನೀ ನಕ್ಕಿ."

ಅವನು ದೊಡ್ಡ ಮಾಸ್ತರರ ಮುಖ ನೋಡಿದ. ಅವರು ಹಳ್ಳಿಯ ಕಡೆಯವರಿರಬೇಕು, ಪದ್ಧತಿ ತಿಳಿದಿತ್ತು. ಕುಂದ್ರಪಾ ಅಂದರು, ಅಷ್ಟೇ. ಅವನು ಕೂತ. ಮಗ ಅವನ ತೊಡೆಯ ಮೇಲೆ ಕೂತ. ಹಡಪದ ಮುದುಕ ಅವಸರ ಮಾಡಬಾರದೆಂದು ನಾನು ಮೊದಲೇ ಹೇಳಿಟ್ಟಿದ್ದೆ. ಕೂದಲು ಮಾಸ್ತರನ ಇಸ್ತ್ರಿ ಪ್ಯಾಂಟಿನ ಮೇಲೆ ಉದುರುತ್ತಿದ್ದರೆ ಕಿಟಕಿಯ ಹೆಂಗಸರು ಸೋಬಾನ ಹಾಡಿದರು. ಅವನ ಕಿವಿ ಕೆಂಪಾದವು. ನನಗೆ ಹೊಟ್ಟೆ ತುಂಬಾ ಉಂಡಷ್ಟು ಹಿತವಾಯಿತು. ಸುಳ್ಳು ಯಾಕೆ ಹೇಳಲಿ?

ಬೋಳುತಲೆಗೆ ಅರಿಷಿಣ ಹಚ್ಚಿ ಮಗನನ್ನು ವರ್ಗದಲ್ಲಿ ಅವನು ದಿನಾ ಕೂರುವ ಜಾಗದಲ್ಲಿ ಕೂರಿಸಿದೆ. ಒಬ್ಬ ಹುಡುಗನೂ ನಗಲಿಲ್ಲ, ಮಾಸ್ತರನ ಅಳಿಯನಲ್ಲವೇ.

"ಅಳಿಯ ಸಾಲಿ ಬಿಟ್ರ ಮಾವನ್ನ ಕೇಳೋದು ನಮ್ಮಲ್ಲಿ," ಅಂದೆ. "ಬಿಜಾಪುರಕ್ಕ ಬಂದು ನಿಮ್ಮವ್ವನ ಪಡಸಾಲ್ಯಾಗ ಕುಂದರತೇನಿ, ತಮ್ಮಾ. ತವರಮನಿ ಅಂದಮ್ಯಾಲ ಉಣ್ಣಾಕ ನೀಡಬೇಕಾಗ್ತೈತಿ."

ಆಮೇಲೆ ಶಾಲೆಯ ಹೊಸ್ತಿಲ ಮೇಲೆ ಕಾಯಿ ಒಡೆದು ಗೋಡೆಗೆ ಕೂತವರಿಗೆಲ್ಲ ಚೂರು ಹಂಚಿದೆ. ಕೊನೆಯ ಚೂರು ಮಾಸ್ತರನ ಅಂಗೈಯಲ್ಲಿಟ್ಟು, ಅವನು ಅಗಿದು ನುಂಗುವ ತನಕ ಎದುರಿಗೇ ನಿಂತಿದ್ದೆ.