ಕೂಡಿಸದೆ ಇಟ್ಟ ಕಂಬಳಿ

ಮೊನ್ನೆ ಕೊಟ್ಟೂರಿನ ನಮ್ಮ ಮನೆಯಲ್ಲಿ ಮೊಮ್ಮಗಳು ಹಳೆಯ ಟ್ರಂಕಿನಿಂದ ಕರಿ ಕಂಬಳಿಯೊಂದನ್ನು ಎಳೆದು ತಂದು ನನ್ನ ಮಡಿಲಿಗೆ ಹಾಕಿದಳು. ಕುರಿಯುಣ್ಣೆ, ಹುಣಸೆ ಬೀಜದ ಗಂಜಿ... ಇಷ್ಟು ವರ್ಷವಾದರೂ ಆ ವಾಸನೆ ಪೂರ್ತಿ ಹೋಗಿರಲಿಲ್ಲ. ಅವಳು ಮೂಗು ಮುಚ್ಚಿಕೊಂಡಳು. ನಾನು ಅದರಲ್ಲಿ ಮುಖವಿಟ್ಟೆ.

ನಾನು ಚಿಕ್ಕವಳಿದ್ದಾಗ ಕೂಡ್ಲಿಗಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಕಂಬಳಿ ನೇಯುತ್ತಿದ್ದರು. ನಮಗೆಲ್ಲ ಅವರು ಕಂಬಳಿ ಅಜ್ಜ. ನನ್ನ ಅಪ್ಪ ಮಿಲಿಟರಿಯಲ್ಲಿದ್ದರು. ಯಾವಾಗ ಬರುತ್ತಾರೆ ಎಂದು ನಾನು ದಿನವೂ ಪೀಡಿಸಿ ಅಮ್ಮನಿಗೆ ಸಾಕಾಗಿತ್ತು. ಹೇಗೂ ಲೀವ್ ಹತ್ತಿರ ಬಂದಿದೆಯಲ್ಲ ಎಂದು ಅಜ್ಜನ ಮಗ್ಗ ತೋರಿಸಿ, "ಆ ಕಂಬಳಿ ಮುಗಿಯೂದ್ರಾಗ ನಿಮ್ಮಪ್ಪ ಬರ್ತಾರ, ಹೋಗು" ಅಂದುಬಿಟ್ಟರು.

ಅಮ್ಮನಿಗೆ ಅದು ಬಾಯಿಮಾತು. ನನಗೆ ಪ್ರಾಮಿಸ್. ಶಾಲೆ ಬಿಟ್ಟವಳೇ ಮಗ್ಗದ ಮುಂದೆ ಹೋಗಿ ಕೂರುತ್ತಿದ್ದೆ. ನೂಲಿಗೆ ಗಂಜಿ ಸವರುವಾಗ ನಾನೂ ಕೈ ಹಾಕುತ್ತಿದ್ದೆ.

"ಜಲ್ದಿ ನೇಯಿ ಅಜ್ಜಾ."

"ನಿಮ್ಮಪ್ಪನ ರೈಲು ಓಡಿದಂಗ ಓಡಿಸಲೇನವಾ?"

ಕಂಬಳಿಗೆ ಉದ್ದನೆಯ ಎರಡು ಪಟ್ಟಿ. ಬೇರೆಬೇರೆ ನೇಯ್ದು ನಡುವೆ ಹೊಲಿದು ಕೂಡಿಸಬೇಕು. ಎರಡನೆಯ ಪಟ್ಟಿಯೂ ಮಗ್ಗದಿಂದ ಇಳಿದ ವಾರವೇ ಅಪ್ಪನ ಲೀವ್ ಕ್ಯಾನ್ಸಲ್ ಆದ ಸುದ್ದಿ ಬಂತು. ನಾನು ಅಳಲಿಲ್ಲ. ಅಜ್ಜನ ಹೊಸ್ತಿಲ ಮೇಲೆ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. ಅಮ್ಮ ಬಂದು ಅಜ್ಜನಿಗೆ ನಡೆದದ್ದನ್ನೆಲ್ಲ ಹೇಳಿದರು. ಹೊಲಿಯಲು ದಬ್ಬಣಕ್ಕೆ ನೂಲು ಪೋಣಿಸಿಕೊಂಡಿದ್ದ ಅಜ್ಜ ಅದನ್ನು ಹಾಗೇ ಜಂತಿಗೆ ಸಿಕ್ಕಿಸಿದರು.

"ಕಂಬಳಿ ಮುಗುದೈತಿ ಅಂತ ಯಾರು ಅಂದ್ರು? ಇವು ಬರೇ ಪಟ್ಟಿ. ಕೂಡಿಸಿದ ಮ್ಯಾಲ ಕಂಬಳಿ. ಏಳು, ಉಣ್ಣು ಹೋಗು."

ಪಟ್ಟಿಗಳು ಎರಡು ಗೂಟಗಳಲ್ಲಿ ತೂಗಿದವು. ಮಳೆಗಾಲಕ್ಕೆ ಮುಂಚೆ ಕಂಬಳಿ ಕೇಳಲು ಬಂದ ಕುರಿ ಕಾಯುವವನೊಬ್ಬ ಅವನ್ನು ನೋಡಿ ನಕ್ಕ.

"ಏನಜ್ಜ, ನೇಯ್ದು ಕಾವಿಗೆ ಇಟ್ಟೀಯೇನು?"

"ಹೂಂನಪಾ. ಮರಿ ಆದ ಮ್ಯಾಲ ಹೇಳಿ ಕಳಸ್ತೀನಿ."

ಅವನಿಗೆ ಬೇರೊಂದು ಕಂಬಳಿ ಕೊಟ್ಟರು. ನಾನು ದಿನವೂ ಹೋಗಿ ಗೂಟ ನೋಡಿ ಬರುತ್ತಿದ್ದೆ. ಪಟ್ಟಿಗಳು ಬೇರೆಯಾಗೇ ಇದ್ದರೆ ನೆಮ್ಮದಿ. ಅಪ್ಪ ಬರುವುದು ಇನ್ನೂ ಬಾಕಿ ಇದೆ, ಅಷ್ಟೇ.

ಮಳೆ ನಿಂತ ಮೇಲೆ ಅಪ್ಪ ಬಂದರು, ಹೆಗಲ ಮೇಲೆ ಟ್ರಂಕು. ನಾನು ಅವರ ಹತ್ತಿರ ಓಡಲಿಲ್ಲ, ಅಜ್ಜನ ಮನೆಗೆ ಓಡಿದೆ. "ಹೊಲಿ ಅಜ್ಜಾ."

ಅಪ್ಪ ಬೂಟು ಬಿಚ್ಚಿ ಅಜ್ಜನ ಅಂಗಳದಲ್ಲೇ ಕೂತು ಒಂದು ಪಟ್ಟಿ ಹಿಡಿದರು. ಇನ್ನೊಂದು ನಾನು. ಅಜ್ಜ ನಡುವೆ ಹೊಲಿಯುತ್ತ ಬಂದರು.

"ಮಿಲಿಟ್ರಿ ಸಾಹೇಬ್ರ, ಬಿಗಿ ಹಿಡೀರಿ. ನಿಮ್ಮ ಮಗಳ ನಿಮಗಿಂತ ಗಟ್ಟಿ ಅದಾಳ."

ಆ ಕಂಬಳಿಯನ್ನು ಅಪ್ಪನೇ ಕೊಂಡರು. ಮುಂದೆ ಅದು ನನ್ನ ಜೊತೆ ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲ್ಲಿಗೂ ಬಂತು. "ಮೈ ಚೈಲ್ಡ್, ಇಟ್ ಸ್ಮೆಲ್ಸ್" ಎಂದು ಸಿಸ್ಟರ್ ಗೊಣಗುತ್ತಿದ್ದರು. ಅಪ್ಪ ಹೋಗುತ್ತಿದ್ದರು, ಬರುತ್ತಿದ್ದರು. ನಾನು ನಡುವಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಿದ್ದೆ ಹೋಗುತ್ತಿದ್ದೆ. ಒಂದು ರಜೆಗೆ ಊರಿಗೆ ಬಂದಾಗ ಅಜ್ಜ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಗೆ ಮಣ್ಣು ತುಂಬಿದ್ದರು...

ಈಗ ನನ್ನ ಮಗಳು ಆರ್ಮಿಯಲ್ಲಿ ಡಾಕ್ಟರ್. ಪೋಸ್ಟಿಂಗ್ ಎಲ್ಲೋ ಹಿಮದ ಕಡೆ. ವಿಡಿಯೊ ಕಾಲ್ ಇದೆ, ನಿಜ. ಆದರೂ ಕಾಲ್ ಮುಗಿದ ಮೇಲೆ ಮೊಮ್ಮಗಳು ಫೋನನ್ನು ಕೈಯಲ್ಲೇ ಹಿಡಿದು ಕೂತಿರುತ್ತಾಳೆ.

ಮೊನ್ನೆ ನೋಡಿದರೆ ಕಂಬಳಿಯ ಹೊಲಿಗೆ ಗೇಣುದ್ದ ಬಿಚ್ಚಿತ್ತು. ಅವಳು ಸೂಜಿ ಡಬ್ಬಿಯನ್ನೂ ತಂದಿದ್ದಳು, ಸರಿ ಮಾಡಿಕೊಡು ಎಂದು. ನಾನು ಅಜ್ಜನ ಕಥೆ ಹೇಳಿದೆ. ಕೇಳಿದವಳು ತಾನೇ ಡಬ್ಬಿ ಮುಚ್ಚಿದಳು.

"ಮಮ್ಮಿ ಬರ್ಲಿ ಅಜ್ಜಿ. ಒಂದು ಕಡಿ ಮಮ್ಮಿ ಹಿಡೀಲಿ, ಒಂದು ಕಡಿ ನಾನು."

ಹಿಡಿಯುವವರು ಸಿಕ್ಕರು. ನಡುವೆ ಹೊಲಿಯುತ್ತ ಬರಲು ಅಜ್ಜ ಇಲ್ಲ... ಪೇಟೆಯಿಂದ ಒಂದು ದಬ್ಬಣ ತರಿಸಿಕೊಂಡಿದ್ದೇನೆ. ದಬ್ಬಣ ಹಿಡಿದು ನನಗೆ ರೂಢಿಯಿಲ್ಲ. ಮಗಳ ಲೀವ್ ಇನ್ನೂ ದೂರವಿದೆ. ಅಷ್ಟರೊಳಗೆ ಹಳೆ ಗೋಣಿಚೀಲದ ಮೇಲೆ ಅಭ್ಯಾಸ ಮಾಡಿಕೊಳ್ಳುತ್ತೇನೆ.